ಅರವತ್ತು ದಾಟಿದವರಿಗೆ ಧ್ಯಾನ: ಮನೆಯಲ್ಲೇ ಎಂಟು ವಾರ ಮಾಡಿಸುವ ಸಮಗ್ರ ಮಾರ್ಗದರ್ಶಿ

ವಿಜಯಪುರದವರಿಗೆ ಧ್ಯಾನ ಹೊಸದೇನಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳುತ್ತಾ ವಯಸ್ಸಾದ ಒಂದು ತಲೆಮಾರೇ ಇಲ್ಲಿದೆ. ಬಸವನ ಬಾಗೇವಾಡಿ, ಕೂಡಲಸಂಗಮದ ಕಡೆ ಬೆಳಗಿನ ಲಿಂಗಪೂಜೆ ಮುಗಿಯದೆ ಚಹಾ ಕೂಡ ಕುಡಿಯದ ಅಜ್ಜಂದಿರು ಈಗಲೂ ಇದ್ದಾರೆ. ಅದೇ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುವ ಹಿರಿಯರೂ ಇದ್ದಾರೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಮಾತಾಡಲು ಇರುವುದು ಟಿವಿ ಒಂದೇ. ಫೋನ್ ಮಾಡಿದಾಗ ಮಕ್ಕಳು, "ಚಿಂತೆ ಬಿಡಪ್ಪ, ಸ್ವಲ್ಪ ಧ್ಯಾನ ಮಾಡು" ಅಂತಾರೆ. ಹೇಗೆ ಮಾಡಬೇಕು, ಎಷ್ಟು ಹೊತ್ತು, ಯಾವಾಗ ಮಾಡಬಾರದು ಅನ್ನೋದನ್ನು ಯಾರೂ ಹೇಳುವುದಿಲ್ಲ.

ಈ ಬರಹ ಹಿರಿಯರಿಗಿಂತ ಮೊದಲು ಅವರ ಜೊತೆ ಕೂರುವವರಿಗೆ. ಅದು ಮಗಳಿರಬಹುದು, ಸೊಸೆ ಇರಬಹುದು, ಪಕ್ಕದ ಮನೆಯವರೂ ಇರಬಹುದು. ಜೊತೆಗೆ ಒಬ್ಬರು ಇಲ್ಲದಿದ್ದರೆ ಹಿರಿಯರ ಧ್ಯಾನ ಹೆಚ್ಚು ದಿನ ನಡೆಯುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ನಟಾಲಿ ಮರ್ಚಂಟ್ ಮನೋವಿಜ್ಞಾನದ ಸಂಶೋಧಕಿ. ವಯಸ್ಸಾದವರ ಮನಸ್ಸಿನ ಆರೋಗ್ಯ ಮತ್ತು ಮರೆವಿನ ಕಾಯಿಲೆಗೆ ಇರುವ ನಂಟು ಅವರ ಕೆಲಸದ ವಿಷಯ. ಒಂದೇ ಬೇಡದ ಯೋಚನೆಯನ್ನು ಮನಸ್ಸು ಮತ್ತೆ ಮತ್ತೆ ತಿರುವಿ ಹಾಕುತ್ತದಲ್ಲ, ಅವರ ತಂಡ 2020ರಲ್ಲಿ ನೋಡಿದ್ದು ಅದನ್ನು. ಆಗಿಹೋದದ್ದಕ್ಕೆ ಕೊರಗುವುದು, ಮುಂದೆ ಆಗಬಹುದಾದದ್ದಕ್ಕೆ ಹೆದರುವುದು ಎರಡೂ ಇದರಲ್ಲಿ ಬರುತ್ತವೆ. 55 ದಾಟಿದ 350ಕ್ಕೂ ಹೆಚ್ಚು ಜನರನ್ನು ಅವರು ಗಮನಿಸಿದರು. ಈ ಅಭ್ಯಾಸ ಜಾಸ್ತಿ ಇದ್ದವರಲ್ಲಿ ನೆನಪು ಮತ್ತು ಯೋಚನಾಶಕ್ತಿ ಹೆಚ್ಚು ಬೇಗ ಕುಸಿದಿತ್ತು. ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ, ಆಲ್ಝೈಮರ್ ಕಾಯಿಲೆಯಲ್ಲಿ ಕಾಣುವ ಅಮೈಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳೂ ಹೆಚ್ಚಿದ್ದವು. ಚಿಂತೆಯಿಂದಲೇ ಕಾಯಿಲೆ ಬರುತ್ತದೆ ಅಂತ ಇದರಿಂದ ಹೇಳಲಾಗದು. ಒಳಗೆ ಶುರುವಾದ ಕಾಯಿಲೆಯೇ ಚಿಂತೆಯನ್ನು ಹೆಚ್ಚಿಸಿರಬಹುದು. ಎರಡಕ್ಕೂ ನಂಟಿದೆ ಅನ್ನೋದಷ್ಟೇ ಗೊತ್ತಾಗಿದ್ದು.

ಹಾಗಾದರೆ ಧ್ಯಾನ ಮಾಡಿಸಿದರೆ ಮರೆವು ತಡೆಯಬಹುದಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಇಲ್ಲಿ ಸುಳ್ಳು ಭರವಸೆ ಕೊಡಬಾರದು. ಅಮೆರಿಕದಲ್ಲಿ 65ರಿಂದ 84 ವರ್ಷದ 585 ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಕೆಲವರಿಗೆ ಧ್ಯಾನ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಆರೋಗ್ಯದ ಪಾಠ. 2022ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ನೋಡಿದಾಗ ಧ್ಯಾನವಾಗಲಿ ವ್ಯಾಯಾಮವಾಗಲಿ ನೆನಪಿನ ಶಕ್ತಿಯನ್ನು ಹೆಚ್ಚಿಸಿರಲಿಲ್ಲ. ಅದೇ ವರ್ಷ ಫ್ರಾನ್ಸಿನ ಕಾನ್ ಪಟ್ಟಣದ ಪ್ರಯೋಗದ ಫಲಿತಾಂಶವೂ ಬಂತು. ಅಲ್ಲಿ ಗಯೆಲ್ ಶೆತೆಲಾ ಅವರ ತಂಡ 65 ದಾಟಿದವರಿಗೆ ಪೂರ್ತಿ 18 ತಿಂಗಳು ಧ್ಯಾನ ಕಲಿಸಿತ್ತು. ಮಿದುಳಿನ ಗಾತ್ರದಲ್ಲಿ, ರಕ್ತ ಸಂಚಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಗಮನ ಹಿಡಿಯುವುದು, ಭಾವನೆಗಳನ್ನು ನಿಭಾಯಿಸುವುದು, ತನ್ನನ್ನು ತಾನು ಅರಿಯುವುದು, ಈ ಮೂರನ್ನೂ ಸೇರಿಸಿ ಅಳೆದಾಗ ಧ್ಯಾನದ ಗುಂಪು, ಹೋಲಿಕೆಗೆ ಅಂತ ಬೇರೆ ಭಾಷೆ ಕಲಿಸಿದ್ದ ಇನ್ನೊಂದು ಗುಂಪಿಗಿಂತ ಮುಂದಿತ್ತು.

ಮರ್ಚಂಟ್ ಅವರು 2021ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಲಂಡನ್, ಲಿಯಾನ್, ಕಲೋನ್, ಬಾರ್ಸಿಲೋನಾ ನಗರಗಳ 147 ಜನ. "ನನಗೆ ಮರೆವು ಜಾಸ್ತಿ ಆಗ್ತಿದೆ" ಅಂತ ಚಿಂತೆಯಿಂದ ಆಸ್ಪತ್ರೆಗೆ ಬಂದವರು. ಅರ್ಧ ಜನರಿಗೆ ಎಂಟು ವಾರ ಧ್ಯಾನ. ಇನ್ನರ್ಧಕ್ಕೆ ಅಷ್ಟೇ ಹೊತ್ತು, ಅಷ್ಟೇ ವಾರ, ಗುಂಪಿನಲ್ಲಿ ಕೂತು ಆರೋಗ್ಯ ನೋಡಿಕೊಳ್ಳುವ ಪಾಠ. ಎರಡೂ ಗುಂಪಿನಲ್ಲಿ ಆತಂಕ ಕಡಿಮೆಯಾಯಿತು. ಶುರುವಾಗಿ ಆರು ತಿಂಗಳ ಹೊತ್ತಿಗೂ ಆ ಗುಣ ಉಳಿದಿತ್ತು. ಎರಡರ ನಡುವೆ ವ್ಯತ್ಯಾಸ ಮಾತ್ರ ಇರಲಿಲ್ಲ. ನಾನು ಇದನ್ನು ಅರ್ಥ ಮಾಡಿಕೊಳ್ಳುವುದು ಹೀಗೆ: ವಾರವಾರ ತಪ್ಪದೆ ಕೂರುವುದು, ನಾಲ್ಕು ಜನರ ಮುಖ ನೋಡುವುದು, ತನ್ನ ಕಷ್ಟ ಹೇಳಿಕೊಳ್ಳುವುದು, ಇವೂ ಔಷಧಿಯ ಒಂದು ಭಾಗ.

ಆದ್ದರಿಂದ ಮನೆಯ ಹಿರಿಯರಿಗೆ ಮೊದಲ ದಿನವೇ ನೇರವಾಗಿ ಹೇಳಿ: "ಇದರಿಂದ ಚಿಂತೆ ಹಗುರಾಗಬಹುದು, ನಿದ್ದೆ ಸುಧಾರಿಸಬಹುದು. ಮರೆವಿಗೆ ಇದು ಔಷಧಿ ಅಲ್ಲ." ಮರೆವಿನ ಭಯ ಇದ್ದರೆ ಕಿವಿ, ಕಣ್ಣು, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಕಡೆ ಗಮನ ಕೊಡಿ. ಸಿಗರೇಟು, ಕುಡಿತ ಬಿಡಿಸಿ. ಒಂಟಿಯಾಗಿ ಬಿಡಬೇಡಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ ದಾರಿಯಾಗುವ, ನಾವು ಬದಲಿಸಬಹುದಾದ 14 ಅಪಾಯಗಳಲ್ಲಿ ಇವೆಲ್ಲ ಇವೆ.

ಹಂತ 2: ಕಾಯಿಲೆ ಇದೆಯಾ ಅಂತ ನೋಡಿ

ಈ ಹಂತವನ್ನು ದಾಟಿಕೊಂಡು ಹೋಗಬೇಡಿ. ಖಿನ್ನತೆ ಇರುವ ಹಿರಿಯರನ್ನು ಬರೀ ಕಣ್ಣು ಮುಚ್ಚಿ ಕೂರಿಸಿದರೆ ಅವರು ತಮ್ಮ ದುಃಖದ ಜೊತೆಗೇ ಕೂತಿರುತ್ತಾರೆ.

ನಮ್ಮ ಕಡೆ ಹಿರಿಯರು "ನನಗೆ ಖಿನ್ನತೆ ಆಗಿದೆ" ಅಂತ ಹೇಳುವುದಿಲ್ಲ. "ಎದಿ ಝಲ್ ಅಂತೈತಿ" ಅಂತಾರೆ. "ಊಟ ಸೇರವಲ್ದು", "ನಿದ್ದಿ ಹತ್ತವಲ್ದು", "ಕೈಕಾಲಾಗ ಜೀವನಾ ಇಲ್ಲ", "ಜೀವಕ್ಕ ಬ್ಯಾಸರಾಗೈತಿ" ಅಂತಾರೆ. ಈ ಮಾತುಗಳನ್ನು ವಯಸ್ಸಿನ ಗೊಣಗಾಟ ಅಂತ ತಳ್ಳಿಹಾಕಬೇಡಿ. ಮನಸ್ಸಿನ ನೋವು ಈ ವಯಸ್ಸಿನಲ್ಲಿ ಮೈಯಿಂದ ಮಾತಾಡುವುದೇ ಹೆಚ್ಚು.

ಸಮಾಧಾನವಾಗಿ ಎರಡು ವಿಷಯ ಕೇಳಿ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ, ಅಂದರೆ ಹೊಲಕ್ಕೆ ಹೋಗುವುದು, ಮೊಮ್ಮಕ್ಕಳ ಮಾತು, ಭಜನೆ, ಕಟ್ಟೆಯ ಹರಟೆ, ಇವುಗಳಲ್ಲಿ ಆಸಕ್ತಿ ಹೋಗಿದೆಯಾ? ಎರಡರಲ್ಲಿ ಒಂದಕ್ಕೆ "ಹೌದು" ಬಂದರೂ ವೈದ್ಯರಿಗೆ ತೋರಿಸಿ. ಹಿರಿಯರ ಖಿನ್ನತೆ ಅಳೆಯಲು ಅಂತಲೇ 1980ರ ದಶಕದಲ್ಲಿ ಜೆರೋಮ್ ಯೆಸಾವೇಜ್ ಮತ್ತು ಜೊತೆಗಾರರು ಒಂದು ಪ್ರಶ್ನಾವಳಿ ಮಾಡಿದರು. ಅದರ ಚಿಕ್ಕ ರೂಪದಲ್ಲಿ 15 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಓದು ಬರಹ ಬರದವರಿಗೂ ಓದಿ ಹೇಳಿ ಕೇಳಬಹುದು. ನೋವು, ನಿದ್ದೆ, ಹಸಿವಿನ ಪ್ರಶ್ನೆ ಅದರಲ್ಲಿ ಇಲ್ಲ, ಯಾಕೆಂದರೆ ವಯಸ್ಸಾದ ಮೇಲೆ ಅವು ಬೇರೆ ಕಾರಣಕ್ಕೂ ಕೆಡುತ್ತವೆ. ಅಂಕ ನೋಡಿ ತೀರ್ಮಾನ ಮಾಡುವ ಕೆಲಸ ವೈದ್ಯರಿಗೆ ಬಿಡಿ.

ವೈದ್ಯರ ಹತ್ತಿರ ಹೋದಾಗ ಥೈರಾಯ್ಡ್, ಬಿ12, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆ ಕೇಳಿ. ಬಿ12 ಕಡಿಮೆ ಆದರೆ ಸುಸ್ತು, ಮಂಕು, ಮರೆವು ಎಲ್ಲ ಬರಬಹುದು. ಬರೀ ರೊಟ್ಟಿ, ಪಲ್ಯ, ಬ್ಯಾಳಿ ಉಣ್ಣುವವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ತಗೊಳ್ಳುವವರಲ್ಲಿ ಇದನ್ನು ನೋಡಲೇಬೇಕು. ತಗೊಳ್ಳುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಎಲ್ಲಿಗೆ ಹೋಗಬೇಕು? ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಊರಿನಿಂದ ಹೊರಡುವುದು ಕಷ್ಟವಾದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸೇವೆ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಎರಡು ಸಂದರ್ಭದಲ್ಲಿ ಕಾಯಬೇಡಿ. "ನಾನು ಇರಬಾರದು", "ದೇವರು ಬೇಗ ಕರಕೊಂಡರೆ ಸಾಕು" ಅನ್ನುವ ಮಾತು ಪದೇ ಪದೇ ಬಂದರೆ ಅವತ್ತೇ ಸಹಾಯ ಕೇಳಿ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿ ಬೇರೆಡೆ ಇಡಿ. ಇನ್ನೊಂದು, ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದು ಊರು, ಹೊತ್ತು, ಜನ ಗುರುತಿಸದಿದ್ದರೆ ಅದು ಸೋಂಕು, ನೀರಿನಂಶದ ಕೊರತೆ, ಸಕ್ಕರೆಯ ಏರುಪೇರು ಅಥವಾ ಪಾರ್ಶ್ವವಾಯು ಆಗಿರಬಹುದು. ನೇರ ಆಸ್ಪತ್ರೆಗೆ ಒಯ್ಯಿರಿ.

ಮನೋವೈದ್ಯರು ಗುಳಿಗೆ ಕೊಟ್ಟಿದ್ದರೆ ಧ್ಯಾನ ಶುರುವಾಯಿತು ಅಂತ ನಿಲ್ಲಿಸಬೇಡಿ. ಎರಡೂ ಜೊತೆಯಾಗಿ ನಡೆಯಲಿ.

ಹಂತ 3: ಹೊತ್ತು, ಜಾಗ, ಕುರ್ಚಿ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾಲಕ್ಕೆ ಬೆಳಗಿನ ಆರರ ಆಸುಪಾಸೇ ಒಳ್ಳೆಯದು. ಬೆಳಗಾವಿಯ ಮಳೆಗಾಲದಲ್ಲಿ ಹೊತ್ತು ಸ್ವಲ್ಪ ಏರಿದ ಮೇಲೆ, ಶಾಲು ಹೊದ್ದು ಕೂರಲಿ. ಮುಖ್ಯವಾದದ್ದು ದಿನಾ ಅದೇ ಹೊತ್ತು, ಅದೇ ಜಾಗ.

ಪದ್ಮಾಸನದ ಹಟ ಬೇಡ. ಮಂಡಿ ನೋವಿರುವವರಿಗೆ ಗಟ್ಟಿಯಾದ, ಅಲುಗಾಡದ ಕುರ್ಚಿ ಸಾಕು. ಎರಡೂ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ನುಣುಪು ನೆಲದಲ್ಲಿ ಜಾರುತ್ತದೆ, ಗೋಡೆಗೆ ಒರಗಿಸಿಡಿ. ಕೇಳುವ ಯಂತ್ರ ಇದ್ದರೆ ಹಾಕಿಕೊಂಡೇ ಕೂರಲಿ. ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ತಗೊಂಡು ಊಟ ಮುಂದಕ್ಕೆ ಹಾಕಿ ಧ್ಯಾನಕ್ಕೆ ಕೂರಬಾರದು.

ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಕಣ್ಣು ಮುಚ್ಚಿದರೆ ತಲೆ ಸುತ್ತುವವರು, ಭಯವಾಗುವವರು ನೆಲದ ಮೇಲೆ ಒಂದು ಕಡೆ ದೃಷ್ಟಿ ಇಟ್ಟರೆ ಸಾಕು. ಮುಗಿದ ಮೇಲೆ ತಕ್ಷಣ ಏಳಬಾರದು. ಬೆರಳು, ಪಾದ ಆಡಿಸಿ, ಒಂದು ನಿಮಿಷ ಕೂತು, ಕುರ್ಚಿ ಹಿಡಿದು ಏಳಲಿ. ಬಿಪಿ ಗುಳಿಗೆ ತಗೊಳ್ಳುವವರಿಗೆ ಗಬಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಬೀಳುವ ಅಪಾಯ ಇದೆ.

ಹಂತ 4: ಮೊದಲ ಎರಡು ವಾರ, ಐದೇ ನಿಮಿಷ ಉಸಿರು

ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಮೊಬೈಲ್ ಆ್ಯಪಿನ ದನಿಗಿಂತ ಮನೆಯವರ ದನಿಯನ್ನು ಹಿರಿಯರು ಬೇಗ ಒಪ್ಪುತ್ತಾರೆ. ನಿಧಾನವಾಗಿ, ಅವರ ಮಾತಿನಲ್ಲೇ ಹೇಳಿ. ಹೀಗೆ ಹೇಳಬಹುದು:

"ಪಾದ ನೆಲಕ್ಕ ತಾಗ್ಯಾವ ನೋಡ್ರಿ. ಬೆನ್ನು ಕುರ್ಚಿಗೆ ಒರಗಲಿ. ಕೈ ತೊಡಿ ಮ್ಯಾಲ ಇರಲಿ. ಈಗ ಉಸಿರು ಎಲ್ಲಿ ಗೊತ್ತಾಗತೈತಿ? ಮೂಗಿನಾಗೋ, ಎದಿಯಾಗೋ, ಹೊಟ್ಟ್ಯಾಗೋ? ಅಲ್ಲೇ ಮನಸ್ಸು ಇಡ್ರಿ. ಒಳಗ ಬಂತು, ಹೊರಗ ಹೋತು. ಉಸಿರನ್ನ ನೀವೇನೂ ಬದಲು ಮಾಡಬ್ಯಾಡ್ರಿ. ಮನಸ್ಸು ಬ್ಯಾರೆ ಕಡೆ ಹೋದ್ರ ಹೋಗಲಿ. ಗೊತ್ತಾದ ಕೂಡ್ಲೆ ತಿರುಗಿ ಉಸಿರಿಗೆ ಬರ್ರಿ."

ಇಷ್ಟು ಹೇಳಿ ಸುಮ್ಮನಿರಿ. ಒಂದೊಂದು ನಿಮಿಷಕ್ಕೆ "ಉಸಿರು" ಅಂತ ಮಾತ್ರ ನೆನಪಿಸಿ.

ಉಸಿರು ಬಿಗಿಹಿಡಿಯುವ, ಜೋರಾಗಿ ಬಿಡುವ ಪ್ರಾಣಾಯಾಮವನ್ನು ಇದಕ್ಕೆ ಸೇರಿಸಬೇಡಿ. ಹೃದಯದ ತೊಂದರೆ, ಬಿಪಿ, ದಮ್ಮು ಇರುವವರಿಗೆ ಅದು ಒಗ್ಗದೇ ಇರಬಹುದು. ಉಸಿರಿನ ಕಡೆ ಗಮನ ಇಟ್ಟರೇ ಉಬ್ಬಸ ಅನಿಸುವವರೂ ಇರುತ್ತಾರೆ. ಅಂಥವರು ಪಾದ ನೆಲಕ್ಕೆ ತಾಗಿದ ಜಾಗವನ್ನು ಗಮನಿಸಲಿ, ಅಷ್ಟೇ ಕೆಲಸ ಮಾಡುತ್ತದೆ.

"ಮನಸ್ಸು ನಿಲ್ಲೋದೇ ಇಲ್ಲ, ನನಗೆ ಇದು ಆಗಲ್ಲ" ಅಂತ ಮೊದಲ ವಾರದಲ್ಲೇ ಬಹಳ ಜನ ಬಿಡುತ್ತಾರೆ. ಅವರಿಗೆ ಹೇಳಬೇಕಾದ ಮಾತು ಒಂದೇ. ಮನಸ್ಸು ಹೊರಗೆ ಹೋಗಿದ್ದು ಗೊತ್ತಾಯಿತಲ್ಲ, ಆ ಗೊತ್ತಾಗುವುದೇ ಅಭ್ಯಾಸ. ಮೇಯಲು ಹೋದ ಆಕಳನ್ನು ಬೈಯದೆ ಕೊಟ್ಟಿಗೆಗೆ ಕರೆತರುವ ಹಾಗೆ ಕರೆತರುವುದು.

ನಿದ್ದೆ ಬಂದರೆ ಬರಲಿ. ರಾತ್ರಿ ನಿದ್ದೆ ಇಲ್ಲದವರು ಕೂತಲ್ಲೇ ತೂಕಡಿಸುವುದು ಸಹಜ. ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳಿ.

ಹಂತ 5: ಮೂರು, ನಾಲ್ಕನೇ ವಾರ, ಮೈ ಮತ್ತು ನಡಿಗೆ

ಹೊತ್ತನ್ನು ಹತ್ತು ನಿಮಿಷಕ್ಕೆ ಏರಿಸಿ. ಪಾದದಿಂದ ತಲೆಯವರೆಗೆ ಒಂದೊಂದು ಭಾಗಕ್ಕೆ ಗಮನ ಒಯ್ಯುವುದು ಈಗಿನ ಅಭ್ಯಾಸ. ಅಮೆರಿಕದ ಜಾನ್ ಕಬಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದ ಎಂಟು ವಾರದ ಕ್ರಮದಲ್ಲೂ ಇದು ಮುಖ್ಯ ಭಾಗ. ಅವರ ಹತ್ತಿರ ಬಂದವರು ಹೆಚ್ಚಾಗಿ ವಾಸಿಯಾಗದ ನೋವಿನವರು.

ನೋವಿನ ಜಾಗಕ್ಕೆ ಬಂದಾಗ "ಮಂಡಿ ನೋಯುತ್ತಿದೆ, ಎಷ್ಟು ಜಾಗದಲ್ಲಿ ನೋಯುತ್ತಿದೆ, ಸುತ್ತ ಬಿಗಿ ಇದೆಯಾ" ಅಂತ ನೋಡಲಿ. ತಡೆಯಲಾಗದಿದ್ದರೆ ಕಾಲು ಚಾಚಲಿ. ಸೊಂಟನೋವಿರುವ 65 ದಾಟಿದ 282 ಜನರ ಮೇಲೆ ನಡೆದ ಅಮೆರಿಕದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಎಂಟು ವಾರದ ಕೊನೆಗೆ ದಿನನಿತ್ಯದ ಓಡಾಟ ಸುಲಭವಾಗಿತ್ತು, ಆದರೆ ಆ ಗುಣ ಆರು ತಿಂಗಳವರೆಗೆ ಉಳಿಯಲಿಲ್ಲ. ಅಭ್ಯಾಸ ಬಿಟ್ಟರೆ ಫಲವೂ ಬಿಡುತ್ತದೇನೋ ಅಂತ ನನಗೆ ಅನಿಸುತ್ತದೆ.

ಕೂರಲಾಗದವರು ನಡೆಯಲಿ. ಗೋಳಗುಮ್ಮಟದ ಹುಲ್ಲುಹಾಸು, ಬಾಗಲಕೋಟೆ ನವನಗರದ ಉದ್ಯಾನ, ಬೆಳಗಾವಿಯ ಕೋಟೆ ಕೆರೆಯ ದಂಡೆ, ಎಲ್ಲಿ ನೆಲ ಸಮವಾಗಿದೆಯೋ ಅಲ್ಲಿ. ಹಿಮ್ಮಡಿ ಊರಿತು, ಬೆರಳು ಊರಿತು, ಎತ್ತಿತು ಅಂತ ಗಮನಿಸುತ್ತ ಹತ್ತು ನಿಮಿಷ. ಆ ಹೊತ್ತಿಗೆ ಫೋನ್ ಬೇಡ, ಮಾತು ಬೇಡ. ಕೋಲು ಇದ್ದರೆ ಹಿಡಿದೇ ನಡೆಯಲಿ.

ಹಂತ 6: ಐದು, ಆರನೇ ವಾರ, ಚಿಂತೆಯ ಸುತ್ತು

ಈ ಇಡೀ ಕೆಲಸದ ತಿರುಳು ಇಲ್ಲಿದೆ. ಮರ್ಚಂಟ್ ಅವರ ತಂಡ ಗುರುತಿಸಿದ್ದು ಇದೇ ಸುತ್ತನ್ನು.

ನಮ್ಮ ಭಾಗದ ಹಿರಿಯರ ಚಿಂತೆಗಳು ಸುಳ್ಳಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೊಲ, ಮನೆ ಬಿಟ್ಟು ಬಂದವರು ಬಾಗಲಕೋಟೆ ಜಿಲ್ಲೆಯಲ್ಲಿ ಎಷ್ಟೋ ಜನ. ಮಳೆ ಕೈಕೊಟ್ಟ ವರ್ಷದ ಸಾಲ, ದುಡಿಯಲು ಗೋವಾಕ್ಕೋ ಮುಂಬೈಗೋ ಹೋದ ಮಕ್ಕಳು, ಮದುವೆಯಾಗದ ಮೊಮ್ಮಗಳು, ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಸುಮ್ಮನಾದ ಮಗ್ಗ. "ಚಿಂತೆ ಬಿಡಿ" ಅಂತ ಹೇಳಿದರೆ ಅವರಿಗೆ ಅವಮಾನ ಆಗುತ್ತದೆ, ಅಲ್ವಾ? ಚಿಂತೆಗೆ ಕಾರಣ ಇದೆ ಅಂತ ಮೊದಲು ಒಪ್ಪಿಕೊಳ್ಳಿ. ಆಮೇಲೆ ಹೀಗೆ ಮಾಡಿ.

ಮೊದಲು ಹೆಸರಿಡುವುದು. ಧ್ಯಾನಕ್ಕೆ ಕೂತಾಗ ಯೋಚನೆ ಬಂದರೆ ಮನಸ್ಸಿನಲ್ಲೇ "ಹೊಲದ ಚಿಂತೆ ಬಂತು", "ಮಗನ ಚಿಂತೆ ಬಂತು" ಅಂದುಕೊಳ್ಳಲಿ. ಒಳಗಿನ ವಿವರಕ್ಕೆ ಇಳಿಯುವುದು ಬೇಡ. ಹೆಸರಿಟ್ಟು ಉಸಿರಿಗೆ ವಾಪಸ್. ಅದೇ ಚಿಂತೆ ಹತ್ತು ಸಲ ಬಂದರೆ ಹತ್ತು ಸಲವೂ ಅದೇ ಹೆಸರು. ಕೆಲವು ದಿನಗಳಲ್ಲಿ ಅವರೇ ಹೇಳುತ್ತಾರೆ, ಬರುವುದು ಮೂರೋ ನಾಲ್ಕೋ ಚಿಂತೆ, ಅವೇ ತಿರುಗಿ ತಿರುಗಿ ಬರುತ್ತವೆ ಅಂತ. ಇಷ್ಟು ಗೊತ್ತಾಗುವುದು ಸಣ್ಣ ವಿಷಯ ಅಲ್ಲ.

ಎರಡನೆಯದು, ಮೈಯಲ್ಲಿ ಹುಡುಕುವುದು. ಈ ಚಿಂತೆ ಬಂದಾಗ ಎದೆ ಬಿಗಿಯಾಯಿತಾ, ಹೊಟ್ಟೆ ಕಿವುಚಿತಾ, ಹಲ್ಲು ಕಚ್ಚಿದ್ದೀರಾ? ಆ ಜಾಗದಲ್ಲಿ ಮೂರು ಉಸಿರಿನಷ್ಟು ಹೊತ್ತು ಗಮನ ಇಟ್ಟು ಸಡಿಲ ಬಿಡಲಿ.

ಮೂರನೆಯದು ಧ್ಯಾನದ ಹೊರಗಿನ ಕೆಲಸ. ಚಿಂತೆಗೆ ಅಂತ ಒಂದು ಹೊತ್ತು ಇಡಿ. 1983ರಲ್ಲಿ ಥಾಮಸ್ ಬೊರ್ಕೊವೆಕ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಪರೀಕ್ಷಿಸಿದ ವಿಧಾನ ಇದು. ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು. ಬೇರೆ ಹೊತ್ತಲ್ಲಿ ಚಿಂತೆ ಬಂದರೆ "ಸಂಜೆ ಐದಕ್ಕೆ ಕೂತು ನೋಡೋಣ" ಅಂತ ಮುಂದಕ್ಕೆ ಹಾಕುವುದು. ಐದಕ್ಕೆ ನೀವೂ ಚಹಾ ಹಿಡಿದು ಎದುರಿಗೆ ಕೂತುಕೊಳ್ಳಿ. ಮಾಡಬಹುದಾದದ್ದು ಏನಾದರೂ ಇದ್ದರೆ, ಉದಾಹರಣೆಗೆ ಪಿಂಚಣಿ ಬಂದಿಲ್ಲ, ಖಾತೆ ಉತಾರ ಆಗಬೇಕು, ಕಣ್ಣಿನ ಪೊರೆ ತೆಗೆಸಬೇಕು, ಅದನ್ನು ಹಾಳೆಯಲ್ಲಿ ಬರೆದು ಯಾರು ಯಾವತ್ತು ಮಾಡುತ್ತಾರೆ ಅಂತ ನಿಗದಿ ಮಾಡಿ. ಮಾಡಲಾಗದ್ದು ಇದ್ದರೆ ಸುಮ್ನೆ ಕೇಳಿಸಿಕೊಳ್ಳಿ. ಪರಿಹಾರ ಹೇಳುವ ಆತುರ ಬೇಡ. ಉತಾರದ ಕೆಲಸವನ್ನು ಧ್ಯಾನ ಮಾಡಿಕೊಡುವುದಿಲ್ಲ, ನೀವೇ ನಾಡಕಚೇರಿಗೆ ಹೋಗಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರ ಆತಂಕ ಅರ್ಧ ಇಳಿಯುವುದು ಆ ಒಂದು ಓಡಾಟದಿಂದ.

ರಾತ್ರಿ ಎಚ್ಚರವಾದವರಿಗೂ ಇದೇ ಕ್ರಮ: ಹೆಸರಿಡುವುದು, ಮೈ ಸಡಿಲ ಬಿಡುವುದು, ಉಸಿರು. ನಿದ್ದೆ ತೊಂದರೆ ಇದ್ದ, 55 ದಾಟಿದ 49 ಜನರ ಮೇಲೆ ಅಮೆರಿಕದಲ್ಲಿ ಮಾಡಿದ ಚಿಕ್ಕ ಪ್ರಯೋಗವೊಂದು 2015ರಲ್ಲಿ ಬಂತು. ಆರು ವಾರ ಧ್ಯಾನ ಕಲಿತವರ ನಿದ್ದೆ, ನಿದ್ದೆಯ ಒಳ್ಳೆಯ ಅಭ್ಯಾಸಗಳ ಪಾಠ ಕೇಳಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಸಿ, ಸಂಜೆಯ ಮೇಲೆ ಚಹಾ ಬಿಡಿಸಿ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತಂತೆ ಆಗುತ್ತಿದ್ದರೆ ಧ್ಯಾನ ಸಾಲದು, ವೈದ್ಯರಿಗೆ ಹೇಳಿ.

ಹಂತ 7: ಏಳನೇ ವಾರ, ಹಾರೈಕೆ

ಕಾನ್‌ನ ಪ್ರಯೋಗದಲ್ಲಿ ಮೊದಲ ಒಂಬತ್ತು ತಿಂಗಳು ಉಸಿರು, ಮೈಯ ಗಮನ. ನಂತರದ ಒಂಬತ್ತು ತಿಂಗಳು ಮೈತ್ರಿ ಮತ್ತು ಕರುಣೆಯ ಧ್ಯಾನ. ನಾವು ಚಿಕ್ಕದಾಗಿ ಮಾಡೋಣ. ಐದು ನಿಮಿಷ ಉಸಿರು ಗಮನಿಸಿದ ಮೇಲೆ, ಸುಲಭವಾಗಿ ಪ್ರೀತಿ ಬರುವ ಒಬ್ಬರನ್ನು ನೆನೆಯಲಿ. ಹೆಚ್ಚಾಗಿ ಮೊಮ್ಮಗು. "ಆರಾಮ ಇರಲಿ, ಭಯ ಇಲ್ಲದಂಗ ಇರಲಿ, ಗಟ್ಟಿ ಇರಲಿ." ಆಮೇಲೆ ಅದೇ ಮಾತು ತಮಗೆ.

ತಮಗೆ ಹೇಳಿಕೊಳ್ಳುವುದು ಬಹಳ ಅಜ್ಜಿಯರಿಗೆ ಕಷ್ಟ. ಜೀವನ ಪೂರ್ತಿ ಬೇರೆಯವರ ತಾಟು ತುಂಬಿಸಿದವರು ತಮಗೆ ಒಳ್ಳೆಯದು ಬಯಸಲು ಹಿಂಜರಿಯುತ್ತಾರೆ. ಕಣ್ಣಲ್ಲಿ ನೀರು ಬರಬಹುದು. ಬಂದರೆ ಗಾಬರಿ ಬೇಡ, ಕೈ ಹಿಡಿದು ಕೂತಿರಿ. ಜಗಳವಾದ ಅಣ್ಣತಮ್ಮಂದಿರಿಗೆ, ಮೋಸ ಮಾಡಿದವರಿಗೆ ಈಗಲೇ ಹಾರೈಸಿ ಅಂತ ಒತ್ತಾಯ ಮಾಡಬೇಡಿ.

ಹಂತ 8: ಜೊತೆ ಕಟ್ಟುವುದು

ಇದನ್ನು ಎಂಟನೇ ವಾರಕ್ಕೆ ಅಂತ ಕಾಯಬೇಕಿಲ್ಲ, ಸಾಧ್ಯವಾದಾಗಲೇ ಶುರು ಮಾಡಿ. ಡೇವಿಡ್ ಕ್ರೆಸ್ವೆಲ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನದಲ್ಲಿ 55ರಿಂದ 85 ವರ್ಷದ 40 ಜನರಿದ್ದರು. ಎಂಟು ವಾರ ಧ್ಯಾನ ಕಲಿತವರಲ್ಲಿ ಒಂಟಿತನದ ಭಾವ ಕಡಿಮೆಯಾಯಿತು. ಆದರೆ ಅವರು ಕಲಿತಿದ್ದೂ ಗುಂಪಿನಲ್ಲೇ. ಮೊದಲು ಹೇಳಿದ ನಾಲ್ಕು ನಗರಗಳ ಪ್ರಯೋಗವನ್ನೂ ಇದರ ಪಕ್ಕ ಇಟ್ಟು ನೋಡಿ.

ಓಣಿಯ ನಾಲ್ಕೈದು ಜನ ವಾರಕ್ಕೆ ಒಮ್ಮೆ ಸೇರಿದರೆ ಸಾಕು. ಗುಡಿಯ ಕಟ್ಟೆ, ಸಮುದಾಯ ಭವನ, ಯಾರದ್ದಾದರೂ ಪಡಸಾಲೆ. ಹದಿನೈದು ನಿಮಿಷ ಕೂರುವುದು, ಆಮೇಲೆ ಅರ್ಧ ಗಂಟೆ ಮಾತು: ಈ ವಾರ ಹೇಗೆ ಹೋಯಿತು, ಯಾವಾಗ ಕೂರಲಾಗಲಿಲ್ಲ. ಯಾರಾದರೂ ಬರದಿದ್ದರೆ ಒಬ್ಬರು ಅವರ ಮನೆಗೆ ಹೋಗಿ ವಿಚಾರಿಸಬೇಕು ಅನ್ನುವುದೇ ಗುಂಪಿನ ನಿಯಮ ಇರಲಿ. ಹೆಂಗಸರಿಗೆ ಬೇರೆ ಹೊತ್ತು ಅನುಕೂಲವಾದರೆ ಬೇರೆಯೇ ಮಾಡಿ. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟವರನ್ನು ಹೋಗಿ ಕರೆದುಕೊಂಡು ಬನ್ನಿ. ಧ್ಯಾನ ಇಷ್ಟವಿಲ್ಲದವರಿಗೆ ಭಜನೆ, ತತ್ವಪದ, ಕೌದಿ ಹೊಲಿಯುವುದು ಏನಾದರೂ ಇರಲಿ, ಜೊತೆ ತಪ್ಪಬಾರದು.

ಪೂಜೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇಷ್ಟಲಿಂಗದ ಮೇಲೆ ದೃಷ್ಟಿ ಇಟ್ಟು ಕೂರುವವರು, ಐದು ಹೊತ್ತು ನಮಾಜು ಮಾಡುವವರು, 48 ನಿಮಿಷದ ಸಾಮಾಯಿಕಕ್ಕೆ ಕೂರುವ ಬೆಳಗಾವಿ ಕಡೆಯ ಜೈನ ಹಿರಿಯರು, ನಾಮಜಪದ ವಾರಕರಿಗಳು, ಇವರಿಗೆ ಕೂರುವ ಅಭ್ಯಾಸ ಆಗಲೇ ಇದೆ. ಅದನ್ನು ಬಿಡಿಸಿ ಹೊಸದನ್ನು ತುರುಕಬೇಡಿ. ಅವರ ಪೂಜೆ ಮುಗಿದ ಮೇಲೆ ಅದೇ ಆಸನದಲ್ಲಿ ಐದು ನಿಮಿಷ ಉಸಿರು ನೋಡುವುದು, ಚಿಂತೆಗೆ ಹೆಸರಿಡುವುದು ಇಷ್ಟನ್ನು ಸೇರಿಸಿ.

ಹಂತ 9: ಯಾವಾಗ ನಿಲ್ಲಿಸಬೇಕು

ಧ್ಯಾನದಿಂದ ತೊಂದರೆಯೇ ಆಗುವುದಿಲ್ಲ ಅನ್ನುವುದು ತಪ್ಪು. ಹಿಂದಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2020ರ ವರದಿಯೊಂದರ ಪ್ರಕಾರ ಸುಮಾರು 8 ಶೇಕಡಾ ಜನರಿಗೆ ಏನಾದರೊಂದು ತೊಂದರೆ ಆಗಿತ್ತು. ಹೆಚ್ಚಾಗಿ ಆತಂಕ ಮತ್ತು ಖಿನ್ನತೆ. ಕೂತಾಗಲೆಲ್ಲ ಎದೆಬಡಿತ, ಭಯ ಹೆಚ್ಚಾದರೆ, ಹಳೆಯ ಆಘಾತ ಕಣ್ಣ ಮುಂದೆ ಬಂದರೆ, ಇಲ್ಲದ ದನಿ ಕೇಳಿದರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಹಿಂದೆ ತೀವ್ರ ಮಾನಸಿಕ ಕಾಯಿಲೆ ಇದ್ದವರು ತಮ್ಮ ಮನೋವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಇತ್ತೀಚೆಗೆ ಸಂಗಾತಿಯನ್ನು ಕಳೆದುಕೊಂಡವರಿಗೆ ಮೌನಕ್ಕಿಂತ ಮಾತು ಬೇಕು, ಅವರಿಗೆ ಆತುರ ಮಾಡಬೇಡಿ. ಮರೆವಿನ ಕಾಯಿಲೆ ಆಗಲೇ ಮುಂದುವರಿದವರಿಗೆ ಎರಡು ನಿಮಿಷ ಕೈ ಹಿಡಿದು ಜೊತೆಗೆ ಉಸಿರಾಡುವುದು, ಗೊತ್ತಿರುವ ಪದ ಹಾಡುವುದು ಸಾಕು.

ಹಂತ 10: ಎಂಟು ವಾರದ ಲೆಕ್ಕ

ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಕೂತ ದಿನಕ್ಕೆ ಒಂದು ಗೀಟು. ವಾರಕ್ಕೊಮ್ಮೆ ಮೂರು ಪ್ರಶ್ನೆ: ನಿದ್ದೆ ಹೇಗಿತ್ತು, ಚಿಂತೆ ಎಷ್ಟಿತ್ತು, ಎಷ್ಟು ದಿನ ಮನೆಯಿಂದ ಹೊರಗೆ ಹೋಗಿ ಯಾರ ಜೊತೆಗಾದರೂ ಮಾತಾಡಿದರು. ಮೊದಲ ಎರಡಕ್ಕೆ ಸೊನ್ನೆಯಿಂದ ಹತ್ತರೊಳಗೆ ಅವರೇ ಅಂಕ ಕೊಡಲಿ. ದಿನದಿನಕ್ಕೆ ಅಳೆಯಬೇಡಿ, ಏರಿಳಿತ ನೋಡಿ ಬೇಸರವಾಗುತ್ತದೆ.

ಎಂಟನೇ ವಾರದ ಕೊನೆಗೆ ಎರಡನೇ ಹಂತದ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿ. ಸುಧಾರಿಸಿದ್ದರೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮುಂದುವರಿಸಿ. ಏನೂ ಬದಲಾಗದಿದ್ದರೆ ಅದು ಹಿರಿಯರ ತಪ್ಪಲ್ಲ. ಅವರಿಗೆ ನಡಿಗೆಯೋ ಗುಂಪೋ ಹೆಚ್ಚು ಒಗ್ಗಬಹುದು. ಮನಸ್ಸು ಮತ್ತಷ್ಟು ಕುಗ್ಗಿದ್ದರೆ ಆ ಕ್ಯಾಲೆಂಡರನ್ನೇ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಎಂಟು ವಾರದ ನಿದ್ದೆ, ಚಿಂತೆಯ ಅಂಕ ನೋಡಿದರೆ ಅವರಿಗೆ ಬಹಳ ಸಹಾಯ ಆಗುತ್ತದೆ.

ಇಷ್ಟೆಲ್ಲ ಮಾಡಿಸುವವರು ಹೆಚ್ಚಿನ ಮನೆಗಳಲ್ಲಿ ಸೊಸೆ ಅಥವಾ ಮಗಳು. ಅವರ ಪಾಲಿಗೂ ಈ ಹೊತ್ತು ವಿಶ್ರಾಂತಿ ಆಗಬೇಕು. ವಾರಕ್ಕೆ ಎರಡು ದಿನವಾದರೂ ಮನೆಯ ಗಂಡಸರು ಜೊತೆಗೆ ಕೂರಲಿ. ದೂರದಲ್ಲಿರುವ ಮಕ್ಕಳು ವಿಡಿಯೋ ಕರೆಯಲ್ಲಿ ಅದೇ ಐದು ನಿಮಿಷ ಸುಮ್ಮನೆ ಕೂರಬಹುದು. ಹಿರಿಯರು ಒಬ್ಬರೇ ಇರುವ ಮನೆಯಾದರೆ, ಪಿಂಚಣಿ, ಕಾನೂನು, ಆಸರೆ ಯಾವುದೇ ವಿಷಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. 14416ನ್ನೂ ಇದನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅದೇ ಕ್ಯಾಲೆಂಡರಿನ ಕೆಳಗೆ ಅಂಟಿಸಿ.